ಶೆಡ್ಡಿನಲ್ಲಿ ನಿಂತ ಕಾರಿನ ಖರ್ಚು

ನಮ್ಮ ಕಡೆ ಯಾರ ಮನೆಗಾದರೂ ಹೊಸ ಕಾರು ಬಂದರೆ ನೋಡಲು ಬಂದವರು ಕೇಳುವುದು ಎರಡೇ ಪ್ರಶ್ನೆ. ಎಷ್ಟು ಬಿತ್ತು? ಮೈಲೇಜ್ ಎಷ್ಟು ಕೊಡುತ್ತೆ? ಎರಡಕ್ಕೂ ಉತ್ತರ ಸಿಕ್ಕಿದ ಮೇಲೆ ಕಾಫಿ ಕುಡಿದು ಹೊರಡುತ್ತಾರೆ. ಕಾರಿನ ಲೆಕ್ಕ ಅಲ್ಲಿಗೆ ಮುಗಿಯಿತು ಅಂತ ಮನೆಯವರೂ ಅಂದುಕೊಳ್ಳುತ್ತಾರೆ.

ನಮ್ಮ ಮನೆಯ ಜಮಾಖರ್ಚು ಬರೆಯುವವಳು ನಾನು. ತೀರ್ಥಹಳ್ಳಿ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆ ನಮ್ಮದು. ಕಳೆದ ಕೆಲವು ವರ್ಷಗಳ ಲೆಕ್ಕದ ಪುಸ್ತಕಗಳನ್ನು ಒಟ್ಟಿಗೆ ಹರಡಿಕೊಂಡು ಕೂತಾಗ ಒಂದು ವಿಷಯ ಗಮನಕ್ಕೆ ಬಂತು. ಪೆಟ್ರೋಲು ಒಂದು ಪುಟದಲ್ಲಿದೆ. ಇನ್ಶೂರೆನ್ಸ್ ಇನ್ನೊಂದು ಪುಟದಲ್ಲಿ. ಮನೆ ರಸ್ತೆಗೆ ಜಲ್ಲಿ ಹೊಡೆಸಿದ್ದು ತೋಟದ ಖರ್ಚಿನ ಜೊತೆ ಸೇರಿಕೊಂಡಿದೆ. ಶೆಡ್ಡಿಗೆ ಶೀಟು ಹಾಕಿಸಿದ್ದು ಮನೆ ರಿಪೇರಿಯಲ್ಲಿದೆ. ಎಲ್ಲವೂ ಕಾರಿಗಾಗಿಯೇ ಆದ ಖರ್ಚು. ಆದರೆ ಕಾರಿನ ಹೆಸರಿನಲ್ಲಿ ಒಂದೇ ಕಡೆ ಎಲ್ಲೂ ಕೂಡಿರಲಿಲ್ಲ. ಕೂಡಿ ನೋಡಿದ ಮೇಲೆ ಇದನ್ನು ಬರೆಯಬೇಕು ಅನಿಸಿತು.

ಮೊದಲೇ ಹೇಳಿಬಿಡುತ್ತೇನೆ. ಮಲೆನಾಡಿನಲ್ಲಿ ಕಾರು ಬೇಡ ಅಂತ ಹೇಳುವವಳು ನಾನಲ್ಲ. ಇಲ್ಲಿ ಊರು ಅಂದರೆ ಸಾಲು ಮನೆಗಳಲ್ಲ. ಗುಡ್ಡದ ಈ ಮಗ್ಗುಲಿಗೆ ಒಂದು ಮನೆ, ತೋಟ ದಾಟಿ ಆಚೆ ಇನ್ನೊಂದು. ರಾತ್ರಿ ಹೊತ್ತು ಯಾರಿಗಾದರೂ ಎದೆನೋವು ಬಂದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ, ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ ಹೋಗಬೇಕು. ಆ ಹೊತ್ತಿನಲ್ಲಿ ಅಂಗಳದಲ್ಲಿ ಒಂದು ಕಾರು ನಿಂತಿದ್ದರೆ ಅದಕ್ಕೆ ಬೆಲೆ ಕಟ್ಟುವುದಕ್ಕೆ ಆಗುವುದಿಲ್ಲ. ನಮ್ಮ ಮನೆಯ ಕಾರು ನಮಗಿಂತ ಅಕ್ಕಪಕ್ಕದವರನ್ನೇ ಜಾಸ್ತಿ ಆಸ್ಪತ್ರೆಗೆ ಮುಟ್ಟಿಸಿದೆ. ಆ ಬಗ್ಗೆ ನನಗೆ ತುಂಬಾ ಸಮಾಧಾನವಿದೆ. ಹಾಗಿದ್ದರೂ ಅದರ ಖರ್ಚು ಎಷ್ಟು ಅಂತ ತಿಳಿದುಕೊಂಡಿರುವುದು ಒಳ್ಳೆಯದು ಅಲ್ವಾ?

ಶೋರೂಮಿನಿಂದ ಶುರು ಮಾಡೋಣ. ಕರ್ನಾಟಕದಲ್ಲಿ ಹೊಸ ಕಾರಿಗೆ ಜೀವಾವಧಿ ತೆರಿಗೆ ದೇಶದಲ್ಲೇ ಜಾಸ್ತಿ ಇರುವ ಕಡೆಗಳಲ್ಲಿ ಒಂದು. ಪೆಟ್ರೋಲ್ ಕಾರಿನ ಬೆಲೆ 5 ಲಕ್ಷದ ಒಳಗಿದ್ದರೆ ಶೇ 13. 5ರಿಂದ 10 ಲಕ್ಷಕ್ಕೆ ಶೇ 14. 10ರಿಂದ 20 ಲಕ್ಷಕ್ಕೆ ಶೇ 17. ಅದರ ಮೇಲೆ ಶೇ 18. ಈ ತೆರಿಗೆಯ ಮೇಲೆ ಮತ್ತೆ ಸೆಸ್ ಇದೆ. 7 ಲಕ್ಷದ ಕಾರು ಅಂದರೆ ತೆರಿಗೆ, ಸೆಸ್ ಎರಡೂ ಸೇರಿ ಒಂದು ಲಕ್ಷ ದಾಟುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಆಗ ಬುಕಿಂಗ್ ಮಾಡಿಸಿದವರು ನಮ್ಮ ಸುತ್ತಮುತ್ತ ಬಹಳ ಜನ. ಬೆಲೆ ಇಳಿದಿದ್ದು ನಿಜ. ಆದರೆ ಇಳಿದಿದ್ದು ಕೊಳ್ಳುವ ದಿನದ ಬೆಲೆ. ಇಟ್ಟುಕೊಳ್ಳುವ ಬೆಲೆ ಹಾಗೆಯೇ ಇದೆ.

ಅದನ್ನು ಒಂದು ಉದಾಹರಣೆ ಹಿಡಿದು ಲೆಕ್ಕ ಹಾಕುತ್ತೇನೆ. ಕಾರು ರಸ್ತೆಗೆ ಇಳಿಯುವಾಗ 8.5 ಲಕ್ಷ ಬಿತ್ತು ಅಂತ ಇಟ್ಟುಕೊಳ್ಳಿ. ಕೈಯಿಂದ 2.5 ಲಕ್ಷ ಹಾಕಿ, 6 ಲಕ್ಷ ಬ್ಯಾಂಕ್ ಸಾಲ. ಬಡ್ಡಿ ಶೇ 9. ಐದು ವರ್ಷಕ್ಕೆ ತೀರಿಸಿದರೆ ತಿಂಗಳ ಕಂತು ಸುಮಾರು 12,450, ಒಟ್ಟು ಬಡ್ಡಿ ಒಂದೂವರೆ ಲಕ್ಷದ ಹತ್ತಿರ. ಕಂತು ಕಡಿಮೆ ಆಗಲಿ ಅಂತ ಏಳು ವರ್ಷ ಮಾಡಿಸಿಕೊಂಡರೆ ತಿಂಗಳಿಗೆ 9,650. ಆಗ ಬಡ್ಡಿಯೇ 2.1 ಲಕ್ಷ. ನಮ್ಮ ಕಡೆ ಹೆಚ್ಚಿನವರು ಏಳು ವರ್ಷವನ್ನೇ ಆರಿಸಿಕೊಳ್ಳುತ್ತಾರೆ, ಯಾಕೆಂದರೆ ಕಂತು ಹಗುರ ಕಾಣಿಸುತ್ತದೆ.

ಹತ್ತು ವರ್ಷ ಓಡಿಸಿ 2 ಲಕ್ಷಕ್ಕೆ ಮಾರಿದರು ಅನ್ನೋಣ. ಅಲ್ಲಿಗೆ ಕಾರಿನ ಬೆಲೆಯಲ್ಲೇ 6.5 ಲಕ್ಷ ಹೋಯಿತು. ಬಡ್ಡಿ 2.1 ಲಕ್ಷ. ಇನ್ಶೂರೆನ್ಸ್ ವರ್ಷಕ್ಕೆ ಸರಾಸರಿ 15 ಸಾವಿರ ಹಿಡಿದರೆ 1.5 ಲಕ್ಷ. ಸರ್ವಿಸ್, ರಿಪೇರಿ, ಎರಡು ಸಲ ನಾಲ್ಕೂ ಟೈರು, ಎರಡು ಬ್ಯಾಟರಿ ಎಲ್ಲ ಸೇರಿ 1.7 ಲಕ್ಷ. ಇಷ್ಟಕ್ಕೇ 11.8 ಲಕ್ಷ ಆಯಿತು. ಇನ್ನೂ ಒಂದು ಹನಿ ಪೆಟ್ರೋಲು ಹಾಕಿಸಿಲ್ಲ. ವರ್ಷಕ್ಕೆ 8,000 ಕಿಲೋಮೀಟರ್ ಓಡಿದರೆ, ನಮ್ಮ ಏರುತಗ್ಗಿನ ರಸ್ತೆಯಲ್ಲಿ ಲೀಟರಿಗೆ 16 ಕೊಟ್ಟರೆ, 500 ಲೀಟರ್ ಬೇಕು. ಲೀಟರಿಗೆ 103 ರೂಪಾಯಿಯಂತೆ ಹತ್ತು ವರ್ಷಕ್ಕೆ 5 ಲಕ್ಷದ ಮೇಲಾಗುತ್ತದೆ. ಒಟ್ಟು ಹತ್ತಿರ ಹತ್ತಿರ 17 ಲಕ್ಷ. ಕಿಲೋಮೀಟರಿಗೆ 21 ರೂಪಾಯಿ.

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗಿ ಬಂದರೆ ಸುಮಾರು 120 ಕಿಲೋಮೀಟರ್. 'ಏಳೆಂಟು ನೂರು ರೂಪಾಯಿ ಪೆಟ್ರೋಲಿನಲ್ಲಿ ಹೋಗಿ ಬಂದ್ವಿ' ಅಂತ ನಾವು ಹೇಳುತ್ತೇವೆ. ಈ ಲೆಕ್ಕದಲ್ಲಿ ಅದು ಎರಡೂವರೆ ಸಾವಿರ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಾರಿನ ಖರ್ಚಿನ ದೊಡ್ಡ ಭಾಗ ಓಡಿದ್ದಕ್ಕೆ ಬರುವುದಲ್ಲ, ಇದ್ದಿದ್ದಕ್ಕೆ ಬರುವುದು. ಬೆಲೆ ಇಳಿಯುವುದು, ಬಡ್ಡಿ, ಇನ್ಶೂರೆನ್ಸ್ ಇವು ಯಾವುವೂ ಕಾರು ಶೆಡ್ಡಿನಲ್ಲಿ ನಿಂತಿದೆ ಅಂತ ನಿಲ್ಲುವುದಿಲ್ಲ. 'ನಾವು ಕಾರು ತೆಗೆಯೋದೇ ಕಡಿಮೆ, ಖರ್ಚೇನೂ ಇಲ್ಲ' ಅಂತ ಹೇಳುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಅದೇ ಕಾರು ವರ್ಷಕ್ಕೆ 4,000 ಕಿಲೋಮೀಟರ್ ಮಾತ್ರ ಓಡಿದರೆ ಕಿಲೋಮೀಟರಿಗೆ 36 ರೂಪಾಯಿ ಆಗುತ್ತದೆ. ನಿಮ್ಮೂರಿನ ಬಾಡಿಗೆ ಕಾರಿನವರು ಕೇಳುವ ದರವನ್ನು ಇದರ ಪಕ್ಕ ಇಟ್ಟು ನೋಡಿ.

ನಮಗೆ ಅರ್ಥವಾಗುವ ಅಳತೆ ಅಂದರೆ ಅಡಿಕೆ. ಒಂದು ಕ್ವಿಂಟಲ್ ರಾಶಿ ಅಡಿಕೆಗೆ 50 ಸಾವಿರ ಅಂತ ಹಿಡಿದರೆ 17 ಲಕ್ಷ ಅಂದರೆ 34 ಕ್ವಿಂಟಲ್. ಎಕರೆಗೆ ಎಂಟು ಕ್ವಿಂಟಲ್ ಒಣ ಅಡಿಕೆ ಕೊಡುವ ತೋಟದ ನಾಲ್ಕು ವರ್ಷಕ್ಕೂ ಮೀರಿದ ಬೆಳೆ ಅದು. ಅದೂ ಅಡಿಕೆ ಗೊನೆ ಕೊಯ್ಯುವ ಕೂಲಿ, ಸುಲಿಯುವ ಕೂಲಿ, ಮದ್ದು ಹೊಡೆಸಿದ್ದು, ಗೊಬ್ಬರ ಯಾವುದನ್ನೂ ಕಳೆಯದೆ. ಒಂದು ಎಕರೆ ತೋಟ ಹತ್ತು ವರ್ಷದಲ್ಲಿ ನಾಲ್ಕು ವರ್ಷ ಕಾರಿಗಾಗಿ ದುಡಿಯುತ್ತದೆ. 2014ರಲ್ಲಿ ಅಡಿಕೆ ದರ ಒಮ್ಮೆಲೇ ಏರಿದಾಗ ಮಲೆನಾಡಿನ ಅಂಗಳಗಳಿಗೆ ಎಷ್ಟೊಂದು ಕಾರು ಬಂದವು ನೆನಪಿದೆಯಾ? ದರ ಆಮೇಲೆ ಇಳಿಯಿತು, ಏರಿತು, ಮತ್ತೆ ಇಳಿಯಿತು. ಕಂತು ಮಾತ್ರ ಅಷ್ಟೇ ಇತ್ತು.

ಅಡಿಕೆ ಬೆಳೆಗಾರರಿಗೆ ಕಂತಿನ ಕಷ್ಟ ಬೇರೆಯೇ ಥರದ್ದು. ನೌಕರಿ ಇದ್ದವರಿಗೆ ತಿಂಗಳು ತಿಂಗಳು ಸಂಬಳ ಬರುತ್ತದೆ. ನಮಗೆ ದುಡ್ಡು ಬರುವುದು ಕೊಯ್ಲು ಮುಗಿದು, ಬೇಯಿಸಿ ಒಣಗಿಸಿ, ಬೆಳೆಗಾರರ ಸಹಕಾರ ಸಂಘವಾದ ಮ್ಯಾಮ್‌ಕೋಸಿಗೋ ಮಂಡಿಗೋ ಅಡಿಕೆ ಹೋದ ಮೇಲೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕೈಯಲ್ಲಿ ಕಾಸು ಇರುವುದಿಲ್ಲ. ಅದೇ ಹೊತ್ತಿಗೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು, ಮಕ್ಕಳ ಫೀಸು ಕಟ್ಟಬೇಕು. ಕಾರಿನ ಕಂತು ಯಾವ ಮಳೆಗಾಲಕ್ಕೂ ಕಾಯುವುದಿಲ್ಲ. ಆಗ ಆಗುವುದು ಏನು ಅಂದರೆ, ಸೊಸೈಟಿಯಲ್ಲಿ ತೋಟಕ್ಕೆ ಅಂತ ತಂದ ಬಡ್ಡಿಯಿಲ್ಲದ ಬೆಳೆಸಾಲ ಸದ್ದಿಲ್ಲದೆ ಕಾರಿನ ಕಂತಿಗೆ ಹೋಗುತ್ತದೆ. ಇಲ್ಲವೇ ಮಂಡಿಯಲ್ಲಿ ಮುಂಗಡ ತರುತ್ತೇವೆ. ಮುಂಗಡ ತಂದ ಮೇಲೆ ಅಡಿಕೆಯನ್ನು ಅಲ್ಲಿಗೇ ಹಾಕಬೇಕು. ದರ ಏರುವ ತನಕ ಇಟ್ಟುಕೊಳ್ಳೋಣ ಅನ್ನುವ ಸ್ವಾತಂತ್ರ್ಯ ಹೋಯಿತು. ತೋಟಕ್ಕೆ ಹಾಕಬೇಕಿದ್ದ ಗೊಬ್ಬರದಲ್ಲಿ ಒಂದು ಲೋಡು ಕಡಿಮೆಯಾಯಿತು. ಇದು ಕಾರಿನ ಖರ್ಚು ಅಂತ ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ. ಎಲೆಚುಕ್ಕಿ ರೋಗ ಬಂದ ತೋಟಗಳಲ್ಲಿ ಈ ಒಂದು ಲೋಡು ಗೊಬ್ಬರ, ಒಂದು ಸಲದ ಔಷಧಿ ಎಷ್ಟು ಮುಖ್ಯ ಅನ್ನೋದು ಬೆಳೆಗಾರರಿಗೆ ಗೊತ್ತು.

ಇನ್ನು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಇಲ್ಲ. ಕಾರಿನ ಜೊತೆ ಕೊಡುವ ಪುಸ್ತಕದಲ್ಲಿ ಇಬ್ಬರಿಗೂ ಒಂದೇ ಸರ್ವಿಸ್ ಪಟ್ಟಿ. ನಮ್ಮ ಕಾರುಗಳು ಬೇಗ ಮುದಿಯಾಗುವುದು ಇಲ್ಲೇ.

ಮೊದಲು ಬರುವುದು ಬೂಸಲು. ಜುಲೈನಲ್ಲಿ ಎರಡು ವಾರ ಕಾರು ಮುಟ್ಟದಿದ್ದರೆ ಸೀಟಿನ ಮೇಲೆ, ಸ್ಟಿಯರಿಂಗ್ ಮೇಲೆ, ಬೆಲ್ಟಿನ ಮೇಲೆ ಬಿಳಿ ಬೂಸಲು ಕೂತಿರುತ್ತದೆ. ವಾಸನೆ ಏಸಿಯ ಒಳಗೆ ಸೇರಿಕೊಂಡರೆ ದೀಪಾವಳಿ ತನಕ ಹೋಗುವುದಿಲ್ಲ. ಆಮೇಲೆ ಇಲಿ. ಬೆಚ್ಚಗಿದೆ ಅಂತ ಬಾನೆಟ್ ಒಳಗೆ ಗೂಡು ಮಾಡುತ್ತವೆ, ವೈರು ಕಡಿಯುತ್ತವೆ. ಈಗಿನ ಕಾರುಗಳಲ್ಲಿ ಒಂದು ಸಣ್ಣ ಸೆನ್ಸರಿನ ವೈರು ತುಂಡಾದರೂ ಗಾಡಿ ಸ್ಟಾರ್ಟ್ ಆಗದೇ ಇರಬಹುದು. ಊರಿನ ಮೆಕ್ಯಾನಿಕ್‌ಗೆ ಅದು ಸಿಗದಿದ್ದರೆ ಶಿವಮೊಗ್ಗದಿಂದ ಟೋಯಿಂಗ್ ಗಾಡಿ ಬರಬೇಕು. ಹಳೇ ಓಮ್ನಿ, ಜೀಪುಗಳ ಕಾಲದಲ್ಲಿ ಒಂದು ತಂತಿ ಸುತ್ತಿ ಮನೆಗೆ ಬರುತ್ತಿದ್ದೆವು.

ತುಕ್ಕು ಕಣ್ಣಿಗೆ ಕಾಣದೇ ಇರುವ ಖರ್ಚು. ಮಣ್ಣಿನ ರಸ್ತೆಯ ಕೆಸರು ಕಾರಿನ ಅಡಿಗೆ ಮೆತ್ತಿಕೊಂಡು ತಿಂಗಳುಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಮೇಲೆ ಪಾಲಿಶ್ ಹೊಳೆಯುತ್ತಿರುತ್ತದೆ, ಅಡಿಯಲ್ಲಿ ತಗಡು ಸವೆಯುತ್ತಿರುತ್ತದೆ. ಮಳೆಗಾಲಕ್ಕೆ ಮುಂಚೆ ಅಡಿಗೆ ಕೋಟಿಂಗ್ ಮಾಡಿಸುವುದು, ಮಳೆಗಾಲ ಮುಗಿದ ಮೇಲೆ ಅಡಿ ತೊಳೆಸುವುದು ಇವೆರಡನ್ನು ನಮ್ಮ ಕಡೆಯವರು ಬಿಡಲೇಬಾರದು. ಹ್ಯಾಂಡ್‌ಬ್ರೇಕ್ ಹಾಕಿ ಮಳೆಗಾಲದಲ್ಲಿ ಬಹಳ ದಿನ ನಿಲ್ಲಿಸಿದರೆ ಬ್ರೇಕ್ ಲೈನರು ಡ್ರಮ್ಮಿಗೆ ಹಿಡಿದುಕೊಳ್ಳುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡುವುದೇ ಒಳ್ಳೆಯದು.

ಬ್ರೇಕ್ ಆಯಿಲ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದು ಬರೀ ದುಡ್ಡಿನ ಮಾತಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನೀರಿನಂಶ ಸೇರಿದಷ್ಟೂ ಅದು ಕಡಿಮೆ ಬಿಸಿಗೇ ಕುದಿಯುತ್ತದೆ. ಸಪಾಟು ರಸ್ತೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಆಗುಂಬೆ ಘಾಟಿಯ 14 ತಿರುವು ಇಳಿಯುವಾಗ ಬ್ರೇಕ್ ಒತ್ತುತ್ತಲೇ ಇದ್ದರೆ ಬಿಸಿ ಏರಿ, ಪೈಪಿನ ಒಳಗೆ ಆವಿ ಆಗಿ, ಪೆಡಲ್ ಮೆತ್ತಗೆ ಕೆಳಗೆ ಹೋಗಿಬಿಡುತ್ತದೆ. ಹುಲಿಕಲ್ ಘಾಟಿಯಲ್ಲೂ ಅಷ್ಟೇ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಲು ಆಗುವ ಖರ್ಚು ದೊಡ್ಡದೇನಲ್ಲ. ಆದರೆ 'ಓಡಿದ್ದು ಕಡಿಮೆ, ಈ ಸಲ ಸರ್ವಿಸ್ ಬೇಡ' ಅಂತ ಮುಂದೂಡುವ ಮನೆಗಳಲ್ಲಿ ಇದೇ ತಪ್ಪಿಹೋಗುತ್ತದೆ. ಘಾಟಿ ಇಳಿಯುವಾಗ ಎರಡನೇ ಗೇರಿನಲ್ಲಿ ಇಳಿಸಿ. ಹತ್ತಿದ ಗೇರಿನಲ್ಲೇ ಇಳಿಯಬೇಕು ಅಂತ ಹಿರಿಯ ಡ್ರೈವರುಗಳು ಹೇಳುವುದು ಸುಮ್ನೆ ಅಲ್ಲ.

ಟೈರೂ ಹಾಗೆಯೇ. ಹೂವು (ಟೈರಿನ ಮೇಲಿನ ಗೀರು) ಚೆನ್ನಾಗಿದೆ ಅಂತ ಏಳೆಂಟು ವರ್ಷದ ಟೈರಿನಲ್ಲಿ ಓಡಿಸುವವರಿದ್ದಾರೆ. ಕಡಿಮೆ ಓಡುವ ಕಾರಿನ ಟೈರು ಸವೆಯುವುದಕ್ಕೆ ಮುಂಚೆ ವಯಸ್ಸಾಗಿ ಗಟ್ಟಿಯಾಗುತ್ತದೆ. ಒದ್ದೆ ರಸ್ತೆಯಲ್ಲಿ ಹಿಡಿತ ಇರುವುದಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ನೋಡಿ. 2321 ಅಂತ ಇದ್ದರೆ 2021ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಅಂತ. ಐದಾರು ವರ್ಷ ಆದ ಮೇಲೆ ಕಿಲೋಮೀಟರ್ ಎಷ್ಟೇ ಇರಲಿ, ಬಲ್ಲವರಿಗೆ ತೋರಿಸಬೇಕು.

ಇನ್ಶೂರೆನ್ಸ್ ಇದ್ದರೆ ಎಲ್ಲ ಬರುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿ ಬಹಳ. ಐದು ವರ್ಷಕ್ಕೆ ಹತ್ತಿರವಾದ ಕಾರಿನ ಮೌಲ್ಯವನ್ನು ಪಾಲಿಸಿಯಲ್ಲಿ ಅರ್ಧಕ್ಕೆ ಇಳಿಸಿರುತ್ತಾರೆ. ರಬ್ಬರು, ಪ್ಲಾಸ್ಟಿಕ್ಕು, ಬ್ಯಾಟರಿಯಂಥ ಭಾಗಗಳಿಗೆ ಅರ್ಧ ದುಡ್ಡು ನಾವೇ ಹಾಕಬೇಕು. ಇಂದಿನ ಕಾರಿನ ಬಂಪರ್ ಪೂರ್ತಿ ಪ್ಲಾಸ್ಟಿಕ್ಕೇ. ಇದಕ್ಕಿಂತ ಮುಖ್ಯವಾದದ್ದು ನೀರಿನ ವಿಷಯ. ಹಳ್ಳ ತುಂಬಿ ರಸ್ತೆ ಮೇಲೆ ಹರಿಯುವಾಗ ದಾಟಿಸಲು ಹೋಗಿ ಎಂಜಿನ್ ಒಳಗೆ ನೀರು ನುಗ್ಗಿ ಗಾಡಿ ನಿಂತಿತು ಅನ್ನಿ. ಮತ್ತೆ ಕೀ ತಿರುಗಿಸಿದರೆ ಎಂಜಿನ್ ಒಳಗಿನ ರಾಡ್ ಬಾಗಿ ಹೋಗುತ್ತದೆ. ಎಂಜಿನ್‌ಗೆ ಅಂತ ಪ್ರತ್ಯೇಕ ಆ್ಯಡ್-ಆನ್ ಮಾಡಿಸದಿದ್ದರೆ ಸಾಮಾನ್ಯ ಪಾಲಿಸಿಯಲ್ಲಿ ಈ ರಿಪೇರಿಗೆ ದುಡ್ಡು ಸಿಗುವುದಿಲ್ಲ. ನೀರಲ್ಲಿ ನಿಂತ ಗಾಡಿಯನ್ನು ಯಾವ ಕಾರಣಕ್ಕೂ ಸ್ಟಾರ್ಟ್ ಮಾಡಬೇಡಿ. ತಳ್ಳಿ ಮೇಲೆ ತನ್ನಿ, ಮೆಕ್ಯಾನಿಕ್‌ಗೆ ಕಾಯಿರಿ.

ಪೇಟೆಯವರಿಗೆ ಗೊತ್ತಾಗದ ಒಂದು ಖರ್ಚು ನಮ್ಮದು. ಮನೆ ತನಕದ ರಸ್ತೆ. ಮೊದಲು ನಮ್ಮಲ್ಲಿ ಮುಖ್ಯ ರಸ್ತೆಯಿಂದ ಮನೆಗೆ ಕಾಲುದಾರಿ ಇತ್ತು. ಹಳ್ಳಕ್ಕೆ ಕಾಲುಸಂಕ. ಅಡಿಕೆ ಮೂಟೆ ಹೊರಗೆ ಹೋಗಬೇಕಾದರೆ ಎತ್ತಿನ ಗಾಡಿ ಬರುತ್ತಿದ್ದ ಬಳಸು ದಾರಿ ಬೇರೆ. ಕಾರು ತರಬೇಕು ಅಂದಾಗ ಮೊದಲು ಬಂದದ್ದು ಜೆಸಿಬಿ. ದರೆ, ಅಂದರೆ ದಾರಿ ಬದಿಯ ಮಣ್ಣಿನ ದಿಬ್ಬ, ಕಡಿದು ಅಗಲ ಮಾಡಿದರು. ಕಾಲುಸಂಕದ ಜಾಗಕ್ಕೆ ಸಿಮೆಂಟ್ ಪೈಪ್ ಹಾಕಿ ಮೋರಿ ಮಾಡಿಸಿದರು. ಅಡಿಕೆ ಹರಡುತ್ತಿದ್ದ ಅಂಗಳದ ಒಂದು ಮೂಲೆ ಶೆಡ್ಡಿಗೆ ಹೋಯಿತು.

ಹೊಸದಾಗಿ ಕಡಿದ ದರೆ ಸುಮ್ಮನಿರುವುದಿಲ್ಲ. ಬೇರು ಹಿಡಿದುಕೊಂಡಿದ್ದ ಮಣ್ಣು ಈಗ ಬರಿಮೈಯಲ್ಲಿ ಮಳೆಗೆ ನಿಂತಿರುತ್ತದೆ. ಪ್ರತಿ ಆಷಾಢದಲ್ಲೂ ಒಂದಿಷ್ಟು ಕುಸಿಯುತ್ತದೆ. ಕುಸಿದ ಮಣ್ಣು ಚರಂಡಿ ಮುಚ್ಚುತ್ತದೆ. ಚರಂಡಿ ಮುಚ್ಚಿದರೆ ನೀರು ರಸ್ತೆ ಮೇಲೆ ಹರಿದು ಜಲ್ಲಿ ಕೊಚ್ಚಿಕೊಂಡು ಹೋಗುತ್ತದೆ. ಮಳೆಗಾಲ ಕಳೆದ ಮೇಲೆ ಮತ್ತೆ ಜಲ್ಲಿ, ಮತ್ತೆ ಆಳು. ದೊಡ್ಡ ಮಳೆ ಬಂದ ವರ್ಷ ಮೋರಿಯ ಬಾಯಿಗೆ ಮರದ ದಿಮ್ಮಿ ಸಿಕ್ಕಿಕೊಂಡು ನೀರು ತೋಟದ ಕಡೆ ತಿರುಗುತ್ತದೆ, ಕೆಳಗಿನ ಸಾಲಿನ ಅಡಿಕೆ ಮರಗಳ ಬುಡ ಕೊರೆಯುತ್ತದೆ. ಹಾಗೆ ಹೋದ ಒಂದು ಅಡಿಕೆ ಮರದ ಜಾಗದಲ್ಲಿ ಸಸಿ ನೆಟ್ಟರೆ ಸರಿಯಾದ ಫಸಲಿಗೆ ಆರೇಳು ವರ್ಷ ಕಾಯಬೇಕು. ನಮ್ಮ ಮನೆಯ ಲೆಕ್ಕದಲ್ಲಿ ಈ ರಸ್ತೆಯ ಖರ್ಚು ಸರ್ವಿಸ್ ಖರ್ಚಿಗಿಂತ ಜಾಸ್ತಿ ಬಂದ ವರ್ಷಗಳೂ ಇವೆ. ಮೇಲೆ ಹೇಳಿದ 17 ಲಕ್ಷದಲ್ಲಿ ಇದು ಸೇರಿಲ್ಲ. ರಸ್ತೆ ಬೇರೆ ಕೆಲಸಕ್ಕೂ ಬರುತ್ತದೆ, ಗೊಬ್ಬರದ ಲಾರಿ ಬರುತ್ತದೆ, ಆಂಬುಲೆನ್ಸ್ ಬರುತ್ತದೆ. ಹಾಗಾಗಿ ಪೂರ್ತಿ ಕಾರಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ದರೆ ಕಡಿಯುವ ಮುಂಚೆ ಇಳಿಜಾರು ನೋಡಿ, ಮೆಟ್ಟಿಲು ಥರ ಕಡಿಸಿ, ಲಾವಂಚದ ಹುಲ್ಲಾದರೂ ನೆಡಿಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಕಾರು ಇದೆ ಅಂತಲೇ ಹುಟ್ಟುವ ತಿರುಗಾಟದ ಬಗ್ಗೆ ಎರಡು ಮಾತು ಸಾಕು. ಬಸ್ಸಿನಲ್ಲಿ ಒಬ್ಬರು ಹೋಗಿ ಬರುತ್ತಿದ್ದ ಗೃಹಪ್ರವೇಶಕ್ಕೆ ಈಗ ಮನೆಮಂದಿಯೆಲ್ಲ ಹೋಗುತ್ತೇವೆ. ಅದು ಸಂತೋಷವೇ. ತೀರ್ಥಹಳ್ಳಿಯಲ್ಲಿ ಸಿಗುವ ಬಟ್ಟೆಗೆ ಶಿವಮೊಗ್ಗಕ್ಕೆ ಹೋಗುತ್ತೇವೆ, ಅಲ್ಲೇ ಊಟ ಮಾಡುತ್ತೇವೆ. ಹಾಗೆ ನಮ್ಮೂರ ಅಂಗಡಿಯ ವ್ಯಾಪಾರವೂ ನಮ್ಮ ಜೊತೆ ಕಾರು ಹತ್ತಿ ಹೋಗುತ್ತದೆ.

ವಯಸ್ಸಿನ ಮಾತು ಯಾರೂ ಆಡುವುದಿಲ್ಲ, ಆದರೆ ಮಲೆನಾಡಿನ ಮನೆಗಳಲ್ಲಿ ಅದೇ ದೊಡ್ಡದು. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಊರಲ್ಲಿ ಉಳಿದವರು ಅಪ್ಪ ಅಮ್ಮ ಇಬ್ಬರೇ. ಐವತ್ತೈದರಲ್ಲಿ ಕೊಂಡ ಕಾರನ್ನು ಎಪ್ಪತ್ತರಲ್ಲಿ ಯಾರು ಓಡಿಸಬೇಕು? 55 ದಾಟಿದವರಿಗೆ ಲೈಸೆನ್ಸ್ ಐದೈದು ವರ್ಷಕ್ಕೆ ಮಾತ್ರ ನವೀಕರಣ ಆಗುತ್ತದೆ, ವೈದ್ಯರ ಸರ್ಟಿಫಿಕೇಟ್ ಬೇಕು. ನಮ್ಮ ಮಾವನವರಿಗೆ ಕಣ್ಣಿನ ಪೊರೆ ಬಂದ ಮೇಲೆ ಎದುರಿನ ಗಾಡಿಯ ಲೈಟು ಚುಚ್ಚತೊಡಗಿತು. ಮಂಜಿನಲ್ಲಿ, ಮಳೆಯಲ್ಲಿ ರಸ್ತೆಯ ಅಂಚು ಕಾಣುತ್ತಿರಲಿಲ್ಲ. ರಾತ್ರಿ ಗಾಡಿ ಮುಟ್ಟುವುದಿಲ್ಲ ಅಂತ ಅವರೇ ನಿರ್ಧಾರ ಮಾಡಿದರು. ಅದು ಎಷ್ಟು ಒಳ್ಳೆಯ ನಿರ್ಧಾರ ಅಂತ ನಾನು ಈಗಲೂ ನೆನೆಯುತ್ತೇನೆ. ಆದರೆ ಇಲ್ಲಿ ಗಮನಿಸಿ. ಕಾರು ತಂದದ್ದೇ ರಾತ್ರಿಯ ಆಪತ್ತಿಗೆ. ಓಡಿಸುವವರ ವಯಸ್ಸು ಏರುತ್ತಾ ಹೋದಂತೆ ಆ ಆಪತ್ತಿನ ರಾತ್ರಿಯಲ್ಲೇ ಅದು ಉಪಯೋಗಕ್ಕೆ ಬಾರದೆ ಹೋಗುತ್ತದೆ. ಆಗ ಡ್ರೈವರ್ ಬೇಕು. ಹಳ್ಳಿಯಲ್ಲಿ ಕರೆದ ಹೊತ್ತಿಗೆ ಬರುವ ಹುಡುಗರು ಈಗ ಎಲ್ಲಿದ್ದಾರೆ? ಇಬ್ಬರೇ ಇರುವ ಮನೆಗಳಲ್ಲಿ ಹೆಂಗಸರೂ ಡ್ರೈವಿಂಗ್ ಕಲಿಯಬೇಕು ಅಂತ ನಾನು ಹಟ ಹಿಡಿದು ಹೇಳುವುದು ಇದಕ್ಕೇ.

ಕೊನೆಗೆ ಬಸ್ಸು. ನನ್ನ ಪ್ರಕಾರ ಕಾರಿನ ಅತಿ ದೊಡ್ಡ ಖರ್ಚು ಇದೇ. ಇದನ್ನು ಕಾರು ಇದ್ದವರು ಕೊಡುವುದಿಲ್ಲ, ಇಲ್ಲದವರು ಕೊಡುತ್ತಾರೆ.

ಮಲೆನಾಡಿನ ಒಳಗಿನ ಹಳ್ಳಿಗಳನ್ನು ದಶಕಗಳ ಕಾಲ ಪೇಟೆಗೆ ಜೋಡಿಸಿದ್ದು ಹೆಚ್ಚಾಗಿ ಖಾಸಗಿ ಬಸ್ಸುಗಳು. ಕೊಪ್ಪದ ಸಹಕಾರ ಸಾರಿಗೆ ಇವುಗಳಲ್ಲೇ ವಿಶೇಷ. 1991ರಲ್ಲಿ ಬಸ್ ಕಂಪನಿಯೊಂದು ಮುಚ್ಚಿದಾಗ ಅಲ್ಲಿನ ಕಾರ್ಮಿಕರೇ ಸೇರಿ ಸಹಕಾರ ಸಂಘ ಕಟ್ಟಿ ಬಸ್ಸು ಓಡಿಸಿದರು. ಕೆಲವೇ ಬಸ್ಸುಗಳಿಂದ ಶುರುವಾದದ್ದು ದೊಡ್ಡದಾಗಿ ಬೆಳೆಯಿತು. ಡ್ರೈವರು ಕಂಡಕ್ಟರುಗಳೇ ಮಾಲೀಕರು. ಬೇರೆಯವರು ಹೋಗದ ಮೂಲೆಯ ಊರುಗಳಿಗೂ ಆ ಬಸ್ಸು ಹೋಗುತ್ತಿತ್ತು. ನಷ್ಟ ತಾಳಲಾರದೆ 2020ರಲ್ಲಿ ಅದು ನಿಂತಿತು. ಡೀಸೆಲ್ ದರ, ತೆರಿಗೆ, ಇನ್ಶೂರೆನ್ಸ್ ಎಲ್ಲವೂ ಕಾರಣ. ಮನೆಮನೆಗೆ ಬಂದ ಬೈಕು, ಕಾರುಗಳೂ ಕಾರಣ. ಸುಮಾರು ಮೂವತ್ತು ವರ್ಷ ಓಡಿದ ಬಸ್ಸುಗಳು ನಿಂತಾಗ ಮಲೆನಾಡು ಕಳೆದುಕೊಂಡಿದ್ದಕ್ಕೆ ಯಾರೂ ಲೆಕ್ಕ ಇಟ್ಟಿಲ್ಲ.

ಬಸ್ಸು ನಿಲ್ಲುವ ರೀತಿ ಹೀಗೆ. ಮೊದಲು ಮೇಷ್ಟ್ರ ಮನೆಗೆ ಕಾರು ಬಂತು, ಆಮೇಲೆ ನಮ್ಮ ಮನೆಗೆ, ಆಮೇಲೆ ಇನ್ನೆರಡು ಮನೆಗೆ. ಪೂರ್ತಿ ಟಿಕೆಟ್ ಕೊಡುತ್ತಿದ್ದವರೇ ಇವರು. ಬಸ್ಸಿನಲ್ಲಿ ಉಳಿದವರು ಪಾಸಿನ ಮಕ್ಕಳು, ವಯಸ್ಸಾದವರು, ಕೂಲಿಗೆ ಹೋಗುವವರು. ಮಧ್ಯಾಹ್ನದ ಟ್ರಿಪ್ಪಿಗೆ ಡೀಸೆಲ್ ದುಡ್ಡೂ ಹುಟ್ಟಲಿಲ್ಲ. ಕೊರೊನಾ ಲಾಕ್‌ಡೌನ್‌ನಲ್ಲಿ ನಿಂತ ನಮ್ಮೂರಿನ ಮಧ್ಯಾಹ್ನದ ಬಸ್ಸು ಮತ್ತೆ ಬರಲೇ ಇಲ್ಲ. ಮಧ್ಯಾಹ್ನದ ಬಸ್ಸು ಹೋದ ಮೇಲೆ ಬೆಳಿಗ್ಗೆ ಪೇಟೆಗೆ ಹೋದವರು ಸಂಜೆ ತನಕ ಕಾಯಬೇಕಾಯಿತು. ಅಷ್ಟು ಹೊತ್ತು ಕಾಯಲಾರದವರು ಸಾಲ ಮಾಡಿ ಬೈಕು ತೆಗೆದುಕೊಂಡರು. ಸಂಜೆ ಬಸ್ಸಿನಲ್ಲಿ ಜನ ಇನ್ನೂ ಕಡಿಮೆಯಾದರು.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರು ದುಡ್ಡು ಕೊಡಬೇಕಾಗಿಲ್ಲ. ಬಯಲುಸೀಮೆಯ ಅಕ್ಕತಂಗಿಯರಿಗೆ ಅದು ಎಷ್ಟು ದೊಡ್ಡ ಅನುಕೂಲ ಅಂತ ನಾನು ನೋಡಿದ್ದೇನೆ. ಸರ್ಕಾರಿ ಬಸ್ಸೇ ಬಾರದ ನಮ್ಮಂಥ ಊರಿನ ಹೆಂಗಸರಿಗೆ ಅದರಿಂದ ಏನು ಸಿಕ್ಕಿತು? ಖಾಸಗಿ ಬಸ್ಸಿಗೆ ದುಡ್ಡು ಕೊಡಬೇಕು, ಅದೂ ಬಂದರೆ. 2025ರ ಜುಲೈ 14ರಂದು ಸಿಗಂದೂರು ಸೇತುವೆ ತೆರೆಯಿತು. ಲಿಂಗನಮಕ್ಕಿ ಹಿನ್ನೀರಿನ ಮೇಲೆ 2.44 ಕಿಲೋಮೀಟರ್ ಉದ್ದದ ಸೇತುವೆ. ಲಾಂಚಿಗೆ ಕಾದು ಕಾದು ಬಾಳಿದ ತುಮರಿ ಕಡೆಯವರಿಗೆ ಅದು ಎಂದೋ ಸಿಗಬೇಕಿದ್ದ ನ್ಯಾಯ. ಆದರೆ ಅಲ್ಲೂ ಇದೇ ಪ್ರಶ್ನೆ ಇದೆ. ಕಾರು ಇಲ್ಲದ ಮನೆಯವರಿಗೆ ಆ ಸೇತುವೆ ಎಷ್ಟು ಹತ್ತಿರ ಅನ್ನುವುದು ಅದರ ಮೇಲೆ ದಿನಕ್ಕೆ ಎಷ್ಟು ಬಸ್ಸು ಓಡುತ್ತದೆ ಅನ್ನುವುದರ ಮೇಲೆ ನಿಂತಿದೆ.

ನಮ್ಮೂರಿನಲ್ಲಿ ಪಿಯುಸಿ ಓದುವ ಒಬ್ಬ ಹುಡುಗಿ ಮಧ್ಯಾಹ್ನ ಕಾಲೇಜು ಬಿಟ್ಟರೂ ಸಂಜೆ ಬಸ್ಸಿಗೆ ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕೂತಿರುತ್ತಾಳೆ. ಬಸ್ಸಿಳಿದು ಮನೆಗೆ ನಡೆಯುವಾಗ ಮಳೆಗಾಲದಲ್ಲಿ ಕತ್ತಲೆಯಾಗಿರುತ್ತದೆ. ಅವಳ ಅಮ್ಮ ಟಾರ್ಚು ಹಿಡಿದು ರಸ್ತೆ ತನಕ ಬರುತ್ತಾರೆ. ನಮ್ಮ ಕಾರಿನ ಖರ್ಚಿನಲ್ಲಿ ಒಂದು ಪಾಲನ್ನು ಆ ಇಬ್ಬರು ದಿನಾ ಕೊಡುತ್ತಿದ್ದಾರೆ. ಇದನ್ನು ಯೋಚಿಸಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ಈಗ ನಮ್ಮ ಕಾರಿಗೆ 15 ವರ್ಷ ತುಂಬುತ್ತಾ ಬಂದಿದೆ. ಆರ್‌ಸಿ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ ಶುಲ್ಕ 5,000 ರೂಪಾಯಿ. ಮೊದಲು 600 ಇತ್ತು. ಗಾಡಿಯನ್ನು ಆರ್‌ಟಿಒ ಕಚೇರಿಗೆ ತೋರಿಸಬೇಕು, ಪಾಸಾದರೆ ಐದು ವರ್ಷ ಸಿಗುತ್ತದೆ. ಹೊಸದು ಕೊಳ್ಳುವ ಮಾತು ಮನೆಯಲ್ಲಿ ಬಂತು. ನಮ್ಮ ಯಜಮಾನರು, ಪಕ್ಕದ ಮನೆಯ ಭಾವ, ಅಕ್ಕ ಎಲ್ಲ ಕೂತು ಲೆಕ್ಕ ಹಾಕಿದೆವು. ಭಾವನವರ ಮನೆಗೂ ಒಂದು ಕಾರು ತರುವ ಯೋಚನೆ ಇತ್ತು. ಈಗ ಅದನ್ನು ಬಿಟ್ಟಿದ್ದಾರೆ. ನಮ್ಮ ಹಳೇ ಕಾರನ್ನೇ ಅಡಿ ಸರಿ ಮಾಡಿಸಿ, ಟೈರು ಬದಲಾಯಿಸಿ, ಎರಡು ಮನೆಗೂ ಇಟ್ಟುಕೊಳ್ಳುವುದು ಅಂತ ಆಗಿದೆ. ಖರ್ಚು ಅರ್ಧ ಅರ್ಧ. ಬಾಡಿಗೆ ಅಂತ ಯಾರಿಂದಲೂ ಒಂದು ಪೈಸೆ ತೆಗೆದುಕೊಳ್ಳುವ ಹಾಗಿಲ್ಲ. ಬಿಳಿ ಬೋರ್ಡಿನ ಗಾಡಿ ಬಾಡಿಗೆಗೆ ಓಡಿದ್ದು ಗೊತ್ತಾದರೆ ಇನ್ಶೂರೆನ್ಸ್ ಕ್ಲೇಮ್ ತಿರಸ್ಕಾರ ಆಗಬಹುದು. ಪಾಲಿಸಿಯಲ್ಲಿ ಮಾಲೀಕ ಓಡಿಸುವಾಗ ಸಿಗುವ 15 ಲಕ್ಷದ ಅಪಘಾತ ವಿಮೆ ಭಾವನವರು ಓಡಿಸುವಾಗ ಸಿಗುವುದಿಲ್ಲ. ಅದಕ್ಕೆ ಅವರು ಪ್ರತ್ಯೇಕ ವಿಮೆ ಮಾಡಿಸಿಕೊಂಡಿದ್ದಾರೆ.

ಬಸ್ಸಿನ ವಿಷಯಕ್ಕೆ ಊರಿನವರೆಲ್ಲ ಸೇರಿ ಅರ್ಜಿ ಬರೆದಿದ್ದೇವೆ. ಪರ್ಮಿಟ್ ಕೊಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ, ಅದಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಪರ್ಮಿಟ್‌ನಲ್ಲಿ ಬರೆದ ಟ್ರಿಪ್ಪು ಓಡಿಸದಿದ್ದರೆ ಕೇಳುವ ಹಕ್ಕು ನಮಗಿದೆ. ಅರ್ಜಿ ಕೊಡುವ ಮುಂಚೆ ಬಸ್ಸಿನ ಮಾಲೀಕರ ಹತ್ತಿರವೂ ಹೋಗಿ ಮಾತಾಡಿದೆವು. 'ನೀವೆಲ್ಲ ಕಾರಲ್ಲಿ ಓಡಾಡ್ತೀರಿ, ನಾನು ಖಾಲಿ ಬಸ್ಸು ಹೊಡೀಲಾ?' ಅಂತ ಅವರು ನೇರವಾಗಿ ಕೇಳಿದರು. ಕೇಳಿದ್ದು ಸರಿಯಾಗಿಯೇ ಇತ್ತು. ಜೂನ್‌ನಲ್ಲಿ ಕಾಲೇಜು ಶುರುವಾದ ಮೇಲೆ ಮಧ್ಯಾಹ್ನದ ಟ್ರಿಪ್ಪನ್ನು ಒಂದು ತಿಂಗಳು ಓಡಿಸಿ ನೋಡುತ್ತೇನೆ ಅಂದಿದ್ದಾರೆ. ಆ ತಿಂಗಳು ಪೇಟೆಯ ಕೆಲಸಕ್ಕೆ ಬಸ್ಸಿನಲ್ಲೇ ಹೋಗುವುದು ಅಂತ ಕಾರು ಇರುವ ಮನೆಯವರೆಲ್ಲ ಒಪ್ಪಿದ್ದೇವೆ. ಬ್ಯಾಂಕು, ಸೊಸೈಟಿ, ಸಂತೆ ಎಲ್ಲವನ್ನೂ ಬಸ್ಸಿನ ಸಮಯಕ್ಕೆ ಹೊಂದಿಸಿಕೊಳ್ಳಬೇಕು. ಯಾವ ದಿನ ಯಾರ ಮನೆಯಿಂದ ಯಾರು ಹೋಗುತ್ತಾರೆ ಅಂತ ಒಂದು ಪಟ್ಟಿಯನ್ನು ಅಕ್ಕ ಈಗಾಗಲೇ ಬರೆಯಲು ಶುರು ಮಾಡಿದ್ದಾರೆ.